ಮಗುವಿಲ್ಲದ ಬಸಿರು

ಚಂದನಾ ಬಸುರಿ ಎಂಬ ಸುದ್ದಿ ಮೊದಲು ತಲುಪಿದ್ದು ಹೆಮ್ಮಾಡಿಯ ಮೀನು ಮಾರ್ಕೆಟ್ಟಿಗೆ. ಹೆತ್ತ ತಾಯಿಗೆ ಗೊತ್ತಾದದ್ದು ಆಮೇಲೆ. ಚಂದನಾಳ ಅತ್ತೆ ಜಲಜಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ದಿನಾ ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಬಸ್ಸು ಹತ್ತುವ ಜಲಜ, ಅವತ್ತು ಮಾರ್ಕೆಟ್ಟಿನ ಕಟ್ಟೆಯ ಮೇಲೆ ಬುಟ್ಟಿ ಇಳಿಸುವ ಮೊದಲೇ ಸುದ್ದಿಯನ್ನು ಇಳಿಸಿದ್ದಳು.

ಅವಳ ಸಂತೋಷಕ್ಕೆ ಕಾರಣವಿತ್ತು. ಮಗ ರತನ್ ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಎಲ್ಲಿ ಹೋದರೂ ಜನ ಸೊಸೆಯ ಮುಖ ಬಿಟ್ಟು ಹೊಟ್ಟೆಯನ್ನೇ ನೋಡುತ್ತಿದ್ದರು.

ಚಂದನಾ ತ್ರಾಸಿ ಕಡೆಯ ಹುಡುಗಿ. ಪಿಯುಸಿ ಮುಗಿಸಿ ಹೆಮ್ಮಾಡಿ ಹತ್ತಿರದ ಗೇರುಬೀಜದ ಕಾರ್ಖಾನೆಗೆ ಸೇರಿದವಳು, ಮದುವೆಯಾದ ಮೇಲೂ ಆ ಕೆಲಸ ಬಿಡಲಿಲ್ಲ. ಸಾಲಾಗಿ ಕೂತು ಬೀಜದ ಸಿಪ್ಪೆ ತೆಗೆಯುವ ಹೆಂಗಸರ ನಡುವೆ ಅವಳೊಬ್ಬಳದೇ ಮಾತು ಕಡಿಮೆ. ನಗು ಬಂದರೆ ಕೈಯಿಂದ ಬಾಯಿ ಮುಚ್ಚಿಕೊಳ್ಳುವಳು. ರತನ್ ಆಳಸಮುದ್ರದ ಬೋಟಿನಲ್ಲಿ ಬಲೆ ಎಳೆಯುವವನು. ಕಡಲಿಗೆ ಹೋದರೆ ಎಷ್ಟೋ ದಿನ ಬರುತ್ತಿರಲಿಲ್ಲ. ಬಂದ ದಿನ ಹೆಂಡತಿಯ ಹಿಂದೆ ಮುಂದೆ ಸುತ್ತುತ್ತಿದ್ದ. ಇಬ್ಬರೂ ಒಬ್ಬರಿಗೊಬ್ಬರು ಒಗ್ಗಿದವರು, ಅದಕ್ಕಿಂತ ಹೆಚ್ಚು ಹೇಳುವಂಥದ್ದು ಅವರ ಬಾಳಿನಲ್ಲಿ ಅಲ್ಲಿಯವರೆಗೆ ಏನೂ ನಡೆದಿರಲಿಲ್ಲ.

ಬಸಿರು ನಿಂತಂದಿನಿಂದ ಚಂದನಾಳಿಗೆ ವಾಂತಿಯೆಂದರೆ ವಾಂತಿ. ಗಂಜಿಯ ತಿಳಿ ಕೂಡ ಹೊಟ್ಟೆಯಲ್ಲಿ ನಿಲ್ಲದು. ಹೊಟ್ಟೆ ಮಾತ್ರ ಮೂರು ತಿಂಗಳಿಗೇ ಐದು ತಿಂಗಳಿನಷ್ಟು ಮುಂದೆ ಬಂದಿತು.

"ಅವ್ಳಿ ಇರ್ಕ್ ಕಾಣ್ ಹೆಣೆ," ಎಂದಳು ಜಲಜ. "ಇಷ್ಟ್ ಬೇಗ ಹೊಟ್ಟಿ ಕಾಂಬುದ್ ಅಂದ್ರೆ ಅವ್ಳಿಯೇ."

ತಾನು ಮಾರುವ ಬುಟ್ಟಿಯಿಂದ ಒಳ್ಳೆಯ ಕಾಣೆ ಮೀನು ಆರಿಸಿ ಸೊಸೆಗೆಂದು ಎತ್ತಿಡುವಳು. ಚಂದನಾ ಅದರ ವಾಸನೆಗೇ ಹಿತ್ತಲಿಗೆ ಓಡುವಳು. ಆದರೂ ಎದೆಯೊಳಗೆ ಅವಳಿಗೊಂದು ಸುಖವಿತ್ತು. ಕಾರ್ಖಾನೆಯಲ್ಲಿ ಕೂತಲ್ಲೇ ಎಡಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಎರಡು ಮಕ್ಕಳಾದರೆ ಮಲಗಿಸುವುದೆಲ್ಲಿ ಎಂದು ಲೆಕ್ಕ ಹಾಕುತ್ತಿದ್ದಳು.

ಒಂದು ಬೆಳಿಗ್ಗೆ ರಕ್ತ ಕಂಡಿತು. ರತನ್ ಕಡಲಲ್ಲಿದ್ದ. ತಾಯಿ ಪದ್ದು ತ್ರಾಸಿಯಿಂದ ಓಡಿ ಬಂದು ಮಗಳನ್ನು ರಿಕ್ಷಾದಲ್ಲಿ ಕುಂದಾಪುರದ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ಹೆರಿಗೆ ಡಾಕ್ಟರು ಕ್ಷಮಾ, ಕೋಟದ ಕಡೆಯವರು. ಯಾವಾಗಲೂ ಸ್ಕ್ಯಾನ್ ಮಾಡುತ್ತಾ "ಇದು ತಲೆ, ಇದು ಕೈ" ಎಂದು ಬಸುರಿಯರಿಗೆ ತೋರಿಸುವವರು ಅಂದು ಏನೂ ತೋರಿಸಲಿಲ್ಲ. ಪರದೆಯನ್ನು ಮೆಲ್ಲನೆ ತಮ್ಮ ಕಡೆಗೆ ತಿರುಗಿಸಿಕೊಂಡರು.

"ಎಂತ ಆಯ್ತ್ ಡಾಕ್ಟ್ರಮ್ಮ? ಮಗು ಹೋಯ್ತಾ?" ಎಂದು ಪದ್ದು ಕೇಳಿದಳು.

"ಮಗು ಇರಲೇ ಇಲ್ಲ," ಎಂದರು ಕ್ಷಮಾ. ಹಾಗೆಂದುಬಿಟ್ಟು, ಮಾತು ಒರಟಾಯಿತು ಅನ್ನಿಸಿತೇನೋ, ಚಂದನಾಳ ಕೈ ಹಿಡಿದುಕೊಂಡರು. "ಹೆರಿಗೆ ಆದ ಮೇಲೆ ಮಾಸು ಬೀಳ್ತದಲ್ಲ, ಮಗುವಿಗೆ ಅನ್ನ ನೀರು ಕೊಡುವ ಮಾಸು, ಅದು ಮಾತ್ರ ಬೆಳೆದಿದೆ. ಮಗು ಕಟ್ಟಲೇ ಇಲ್ಲ. ನೂರರಲ್ಲಿ ಒಬ್ಬರಿಗೂ ಹೀಗೆ ಆಗುವುದಿಲ್ಲ. ನೀನು ತಿಂದದ್ದರಿಂದ, ಮಾಡಿದ್ದರಿಂದ ಆದದ್ದಲ್ಲ. ತೆಗೆಯಬೇಕು."

ತೆಗೆದರು. ನರ್ಸು ಮುಚ್ಚುವ ಮೊದಲು ಪದ್ದುವಿಗೆ ಪಾತ್ರೆಯೊಳಗಿನದು ಕಣ್ಣಿಗೆ ಬಿತ್ತು. ಬೇಯಿಸಿದ ಸಾಬಕ್ಕಿಯನ್ನು ಗೊಂಚಲು ಕಟ್ಟಿದ ಹಾಗಿತ್ತು. ಆಮೇಲೆ ಬಹಳ ಕಾಲ ಅವಳ ಮನೆಯಲ್ಲಿ ಸಾಬಕ್ಕಿ ಪಾಯಸ ಮಾಡಲಿಲ್ಲ.

ಮನೆಗೆ ಬಂದ ಮೇಲೆ ಇಬ್ಬರು ಬೀಗಿತ್ತಿಯರಿಗೂ ಹೊಸ ಸಂಕಟ ಶುರುವಾಯಿತು. ಇದಕ್ಕೆ ಸೂತಕ ಉಂಟೋ ಇಲ್ಲವೋ? ಹುಟ್ಟಿಲ್ಲ, ಸತ್ತೂ ಇಲ್ಲ. ಅವರ ಜನರಲ್ಲಿ ಮಕ್ಕಳು ತಾಯಿಯ ಬಳಿಗೆ, ಅಂದರೆ ತಾಯಿಯ ಕುಲಕ್ಕೆ ಸೇರುವವರು. ಹಾಗಾಗಿ ಮೈಲಿಗೆ ಇದ್ದರೆ ಅದು ನಮ್ಮ ಮನೆಯದು ಎಂದಳು ಪದ್ದು. ಮುಂದಿನ ಸಲ ತಪಾಸಣೆಗೆ ಹೋದಾಗ ಅವಳು ಅದನ್ನೇ ಸುತ್ತುಬಳಸಿ ಕೇಳಿದಳು. ಅಷ್ಟು ಹೊತ್ತಿಗೆ ರತನ್ ಕಡಲಿನಿಂದ ಬಂದಿದ್ದ, ಜೊತೆಗೇ ಕೂತಿದ್ದ. ಕ್ಷಮಾ ಸ್ವಲ್ಪ ಯೋಚಿಸಿ, ಇದ್ದುದನ್ನು ಇದ್ದ ಹಾಗೇ ಹೇಳಿದರು. ಮಗುವಾಗಬೇಕಾದರೆ ತಂದೆಯದು ಅರ್ಧ, ತಾಯಿಯದು ಅರ್ಧ ಸೇರಬೇಕು. ಈ ಬಗೆಯದರಲ್ಲಿ ತಾಯಿಯದು ಏನೂ ಇರುವುದಿಲ್ಲ, ಇದ್ದದ್ದೆಲ್ಲ ತಂದೆಯ ಕಡೆಯದು. ಮಗುವಾಗದೆ ಬರೀ ಮಾಸಾಗುವುದು ಅದಕ್ಕೇ.

ರತನನ ಮುಖ ಕಪ್ಪಿಟ್ಟಿತು. "ಅಂದ್ರೆ ಪೂರಾ ನಂದೇ ಅಂಬ್ರಾ?" ಎಂದ.

"ಇದರಲ್ಲಿ ತಪ್ಪು ಯಾರದ್ದೂ ಅಲ್ಲ ಮಾರಾಯ."

ಆದರೆ ಅವನ ಕಿವಿಗೆ ಆ ಮಾತು ಹೊಕ್ಕಲಿಲ್ಲ. ಸೂತಕದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಚಂದನಾಳಿಗೆ ಮಾತ್ರ ಇನ್ನೊಂದು ಮುಳ್ಳು ಒಳಗೇ ಮುರಿದುಕೊಂಡಿತು. ತನ್ನ ಹೊಟ್ಟೆಯಲ್ಲಿ ಇದ್ದುದರಲ್ಲಿ ತನ್ನದು ಒಂದು ಚೂರೂ ಇರಲಿಲ್ಲವಂತೆ. ಹಾಗಾದರೆ ತಾನು ಅಳುವುದು ಯಾರಿಗಾಗಿ? ಅವಳು ಅಳಲಿಲ್ಲ.

ಕ್ಷಮಾ ಎರಡು ಕಟ್ಟುಪಾಡು ಹಾಕಿದ್ದರು. ವಾರವಾರ ಬಂದು ರಕ್ತ ಪರೀಕ್ಷೆ ಮಾಡಿಸಬೇಕು, ಒಂದು ವರ್ಷ ಬಸುರಿಯಾಗಬಾರದು. "ಒಂದು ಚೂರು ಒಳಗೆ ಉಳಿದರೂ ಅದು ಮತ್ತೆ ಬೆಳೆಯಬಹುದು. ರಕ್ತದಲ್ಲಿ ಗೊತ್ತಾಗ್ತದೆ." ಮೊದಮೊದಲು ಚಂದನಾ ತಪ್ಪದೆ ಹೋದಳು. ರಕ್ತದಲ್ಲಿ ಅದರ ಅಂಶ ಇಳಿಯುತ್ತಾ ಬಂತು. ಆದರೆ ಆ ಪರೀಕ್ಷೆಗೆ ಕೂರಬೇಕಾದದ್ದು ಬಸುರಿಯರ ಸಾಲಿನಲ್ಲೇ. ಒಮ್ಮೆ ಪಕ್ಕದಲ್ಲಿ ಕೂತ ಹೆಂಗಸು, ತುಂಬು ಹೊಟ್ಟೆಯವಳು, ಇವಳ ಕಡೆ ತಿರುಗಿ "ನಿಮ್ಗೆ ಎಷ್ಟ್ ತಿಂಗ್ಳ್?" ಎಂದು ಕೇಳಿದಳು. ಚಂದನಾ ಎದ್ದು ಬಸ್‌ಸ್ಟ್ಯಾಂಡಿಗೆ ನಡೆದಳು. ಆಮೇಲೆ ಪರೀಕ್ಷೆಗೆ ಹೋಗಲಿಲ್ಲ. ಆಸ್ಪತ್ರೆಯಿಂದ ಫೋನು ಬಂದರೆ ಎತ್ತಲಿಲ್ಲ. ಕೇಳಿದವರಿಗೆ ಎಲ್ಲ ಸರಿಯಾಗಿದೆಯಂತೆ ಎಂದಳು.

ಮಳೆಗಾಲ ಬಂತು. ಬೋಟುಗಳನ್ನು ಬಂದರಿನಲ್ಲಿ ಕಟ್ಟಿದರು. ರತನ್ ಮನೆಯಲ್ಲಿ ಉಳಿದ ಆ ದಿನಗಳಲ್ಲಿ ಚಂದನಾಳಿಗೆ ಮುಟ್ಟು ನಿಂತಿತು. ಹೊಟ್ಟೆ ತೊಳೆಸುವುದು ಮತ್ತೆ ಶುರು. ಯಾರಿಗೂ ಹೇಳದೆ ಮೆಡಿಕಲ್‌ನಿಂದ ಕಿಟ್ ತಂದು ನೋಡಿದಳು. ಎರಡು ಗೆರೆ, ದಟ್ಟವಾಗಿ, ಒಂದನ್ನೊಂದು ಮೀರಿಸುವ ಹಾಗೆ.

ಹೆದರಿಕೆಯೂ ಆಯಿತು, ಸಂತೋಷವೂ ಆಯಿತು. ಬೇಡವೆಂದ ಕಾಲದಲ್ಲಿ ಬಂದದ್ದಾದರೂ ಈ ಸಲದ್ದು ಮಗುವೇ ಇರಬಹುದಲ್ಲ. ಅವಳು ಬಾಯಿ ಬಿಡುವ ಮೊದಲೇ ಜಲಜಳಿಗೆ ಅಂದಾಜಾಯಿತು.

"ಡಾಕ್ಟ್ರ್ ಒಂದ್ ವರ್ಷ ಬ್ಯಾಡ ಅಂದಿದ್ರಲೆ ಅತ್ತೆ," ಎಂದಳು ಚಂದನಾ.

"ಅವ್ರ್ ಹೇಳುದ್ ಹೇಳ್ತ್ರ್. ದೇವ್ರ್ ಕೊಟ್ಟದ್ದನ್ನ ಬ್ಯಾಡ ಅಂಬುಕಾತ್ತಾ?" ಜಲಜ ಆ ಸಂಜೆ ಕಡಲೆಬೇಳೆ ಪಾಯಸ ಮಾಡಿದಳು. ರತನ್ ಎಷ್ಟೋ ದಿನಗಳ ಮೇಲೆ ಹೆಂಡತಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಿ ನಕ್ಕ. ಆ ಮನೆಯಲ್ಲಿ ಕೆಲವು ದಿನ ಬೆಳಕಿತ್ತು.

ಮತ್ತೆ ರಕ್ತ ಕಾಣುವವರೆಗೆ.

ಕ್ಷಮಾ ಈ ಬಾರಿ ಬಹಳ ಹೊತ್ತು ಸ್ಕ್ಯಾನ್ ಮಾಡಿದರು. ಗರ್ಭಚೀಲದ ಒಳಗೆ ಖಾಲಿ. ಆದರೆ ಅದರ ಗೋಡೆಯೊಳಗೆ ಏನೋ ಗೂಡು ಕಟ್ಟಿತ್ತು. ಎದೆಯ ಎಕ್ಸರೇ ತೆಗೆಸಿದರೆ ಶ್ವಾಸಕೋಶದಲ್ಲೂ ಬಿಳಿ ಚುಕ್ಕೆಗಳು.

"ಕಿಟ್ಟಿನಲ್ಲ್ ಎರಡ್ ಗೆರೆ ಬಂದಿತ್ತಲೆ," ಎಂದ ರತನ್. ಯಾರೋ ಮೋಸ ಮಾಡಿದರೆಂಬಂಥ ದನಿ.

"ಕಿಟ್ ಸುಳ್ಳು ಹೇಳಿಲ್ಲ. ಆದರೆ ಇದು ಹೊಸ ಬಸಿರಲ್ಲ, ಆಗ ಉಳಿದ ಚೂರೇ ಬೆಳೆದದ್ದು. ಮಾಸಿನಿಂದ ಒಂದು ರಸ ಬರ್ತದೆ. ಅದು ಕಂಡರೆ ಗೆರೆ ಮೂಡುವುದು. ಒಳಗೆ ಮಗು ಉಂಟೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ." ಕ್ಷಮಾ ಚಂದನಾಳ ಕಡೆ ತಿರುಗಿದರು. "ಸರಿಯಾದ ಬಸಿರಿನಲ್ಲೂ ಮಾಸಿನ ಬೇರು ಗರ್ಭದ ಗೋಡೆಯೊಳಗೆ ಇಳಿಯುತ್ತದೆ. ಇಳಿಯಲೇಬೇಕು, ಇಲ್ಲದಿದ್ದರೆ ಮಗು ಬದುಕುವುದಿಲ್ಲ. ಆದರೆ ಒಂದು ಹದಕ್ಕೆ ಹೋಗಿ ನಿಲ್ಲುತ್ತದೆ. ಇದಕ್ಕೆ ನಿಲ್ಲುವುದು ಗೊತ್ತಿಲ್ಲ. ಗೋಡೆ ಕೊರೆದುಕೊಂಡು ಹೋಗಿದೆ. ರಕ್ತನಾಳ ಸಿಕ್ಕಿದೆ, ಅದರೊಳಗೆ ಹೊಕ್ಕು ಎದೆಗೂ ಹೋಗಿದೆ."

"ಕ್ಯಾನ್ಸರಾ?" ಚಂದನಾ ಕೇಳಿದಳು.

"ಆ ಜಾತಿಯದ್ದೇ. ಆದರೆ ಮದ್ದಿಗೆ ಬಗ್ಗುವಂಥದ್ದು. ಇದರಲ್ಲಿ ಹೆಚ್ಚಿನವರು ಗುಣ ಆಗ್ತಾರೆ. ನೀನು ಮಧ್ಯದಲ್ಲಿ ಬಿಡಬಾರದಿತ್ತು." ಕಡೆಯ ಮಾತನ್ನು ಗದರಿಸಿ ಹೇಳಲಿಲ್ಲ. ಚಂದನಾಳಿಗೆ ಗದರಿಸಿದ್ದರೇ ಹಗುರವಾಗುತ್ತಿತ್ತೇನೋ.

ತೆಂಕಲ ಕಡೆಯ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಮದ್ದು ನರದಲ್ಲಿ ಇಳಿಯತೊಡಗಿತು. ಬಾಯಿಯೆಲ್ಲ ಹುಣ್ಣು, ನೀರು ನುಂಗಿದರೂ ಉರಿ. ಕೂದಲು ದಿಂಬಿನ ಮೇಲೆ ಉಳಿಯಿತು. ಪದ್ದು ಮಗಳ ಮಂಚದ ಬುಡದಲ್ಲೇ ಚಾಪೆ ಹಾಸಿ ಮಲಗಿದಳು. ಜಲಜ ಮಾರ್ಕೆಟ್ಟು ಮುಗಿಸಿ ಬಸ್ಸು ಹಿಡಿದು ಬಂದು, ಮೀನಿನ ವಾಸನೆ ಹೋಗಲೆಂದು ಆಸ್ಪತ್ರೆಯ ನಳ್ಳಿಯಲ್ಲಿ ಮೊಣಕೈವರೆಗೆ ಸೋಪು ಹಾಕಿ ತೊಳೆದು ಆಮೇಲೆ ವಾರ್ಡಿನೊಳಗೆ ಬರುವಳು.

ಮೂರನೆಯ ಸುತ್ತಿನ ಮದ್ದಿಗೆ ಮೊದಲೇ, ಮಟಮಟ ಮಧ್ಯಾಹ್ನ, ಹೊಟ್ಟೆಯಲ್ಲಿ ಸೀಳಿದಂಥ ನೋವು ಎದ್ದಿತು. ಚಂದನಾ ಚೀರಿದಳು, ಬೆವರಿ ತಣ್ಣಗಾದಳು. ಒಳಗಿನದು ಗರ್ಭದ ಗೋಡೆಯನ್ನು ತೂತು ಮಾಡಿ ಹೊರಬಂದಿತ್ತು, ಹೊಟ್ಟೆಯೊಳಗೆ ರಕ್ತ ತುಂಬುತ್ತಿತ್ತು. ಡಾಕ್ಟರುಗಳು ಓಡಿಬಂದರು. ಗರ್ಭಚೀಲ ತೆಗೆಯದಿದ್ದರೆ ಜೀವ ಉಳಿಯದು ಎಂದರು. ರತನ್ ಆ ದಿನ ಪುಣ್ಯಕ್ಕೆ ಅಲ್ಲೇ ಇದ್ದ.

"ಎಂತ ಬೇಕಾರೂ ತೆಗಿನಿ. ಅವ್ಳ್ ಉಳುಕ್," ಎಂದ. ಅದನ್ನೇ ಮೂರು ನಾಲ್ಕು ಸಲ ಹೇಳಿದನಂತೆ. ಬಾಗಿಲು ಮುಚ್ಚಿದ ಮೇಲೂ ಹೇಳುತ್ತಲೇ ಇದ್ದ.

ಎಚ್ಚರವಾದಾಗ ಚಂದನಾಳಿಗೆ ವಿಷಯ ತಿಳಿಸಿದವಳು ತಾಯಿ. ಮಗಳು ಮುಖವನ್ನು ಗೋಡೆಯ ಕಡೆ ಮಾಡಿದಳು, ಅಷ್ಟೆ.

ಮದ್ದು ಮುಂದುವರಿಯಿತು. ಎದೆಯ ಚುಕ್ಕೆಗಳು ಕರಗಿದವು. ಚೌತಿ ದಾಟಿ ದೀಪಾವಳಿ ಹತ್ತಿರವಾಗುವಾಗ ಅವಳನ್ನು ಮನೆಗೆ ಕರೆತಂದರು. ತಲೆಗೆ ಶಾಲು ಸುತ್ತಿಕೊಂಡು ಚಂದನಾ ಜಗಲಿಯಲ್ಲಿ ಕೂರುವಳು. ನೆಂಟರು ನೋಡಲು ಬಂದು ಅಡುಗೆಮನೆಯಲ್ಲಿ ಜಲಜಳ ಜೊತೆ ದನಿ ತಗ್ಗಿಸಿ ಮಾತಾಡುವರು. ಹೆಂಚಿನ ಮನೆಯಲ್ಲಿ ದನಿ ತಗ್ಗಿಸಿದರೂ ಕೇಳಿಸುತ್ತದೆ. ರತನನಿಗೆ ಇನ್ನೂ ವಯಸ್ಸಿದೆ, ಬೈಂದೂರು ಕಡೆ ಒಂದು ಹುಡುಗಿ ಇದ್ದಾಳೆ. ಅದಕ್ಕೆ ಜಲಜ ಹೌದೆನ್ನಲಿಲ್ಲ. ಅಲ್ಲವೆಂದೂ ಹೇಳಲಿಲ್ಲ. ಚಂದನಾಳಿಗೆ ನಾಟಿದ್ದು ಆ ಹೇಳದ ಮಾತು.

ರತನ್ ಕಡಲಿನಿಂದ ಬಂದ ದಿನ ಅವಳು ನೇರ ಕೇಳಿಬಿಟ್ಟಳು. "ಹ್ವಾಯ್, ನಿಮ್ಗೆ ಬೇರೆ ಮದಿ ಮಾಡ್ತ್ರಂಬ್ರಲೆ. ಆಯ್ಕಣಿ. ನಾ ತ್ರಾಸಿಗೆ, ಅಬ್ಬಿ ಮನಿಗೆ ಹೋತೆ."

ರತನ್ ಒದ್ದೆ ಬಲೆಹಗ್ಗದಿಂದ ಸುಲಿದ ತನ್ನ ಅಂಗೈಯನ್ನೇ ನೋಡುತ್ತಾ ಕೂತ. "ನಿನ್ ಹೊಟ್ಟಿ ತಿಂದದ್ ನಂದೇ ಅಂದ್ರಲ್ದಾ ಡಾಕ್ಟ್ರ್," ಎಂದ. "ಇನ್ನೊಬ್ಳ್ ಹೊಟ್ಟಿಗೂ ಅದನ್ನೇ ಹಾಕ್ಲಾ?"

ಹಾಗಲ್ಲ ಎಂದು ಅವಳು ಹೇಳಬಹುದಿತ್ತು. ಒಮ್ಮೆ ಹೀಗಾದರೆ ಮತ್ತೆ ಆಗಬೇಕೆಂದಿಲ್ಲ ಎಂದು ಕ್ಷಮಾ ಹೇಳಿದ್ದು ಅವಳಿಗೆ ನೆನಪಿತ್ತು. ಹೇಳಲಿಲ್ಲ. ಹೇಳಿದರೆ ಅವನು ಹೋಗಿಬಿಟ್ಟಾನು ಎಂಬ ಹೆದರಿಕೆಯೋ, ಹೇಳಲು ತ್ರಾಣವಿಲ್ಲದೆಯೋ, ಅವಳಿಗೇ ತಿಳಿಯದು. ಇಬ್ಬರೂ ಒಂದೇ ಜಗಲಿಯಲ್ಲಿ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಕತ್ತಲಾಗುವವರೆಗೆ ಕೂತಿದ್ದರು.

ಮರುವರ್ಷ ಮಾರ್ಚಿನ ಬಿಸಿಲಲ್ಲಿ ಕ್ಷಮಾ ಅವರ ಬಳಿ ತಪಾಸಣೆಗೆ ಹೋದಾಗ ಅತ್ತೆ ಸೊಸೆ ಇಬ್ಬರೇ. ಜಲಜ ಚಪ್ಪಲಿ ಬಿಟ್ಟು ಹೊರಗೇ ನಿಂತಳು. ಒಳಗೆ ಕ್ಷಮಾ ರಕ್ತದ ವರದಿ ನೋಡಿ ಮೊದಲ ಸಲ ಮನಸಾರೆ ನಕ್ಕರು.

"ಪೂರ್ತಿ ಹೋಗಿದೆ ಚಂದನಾ. ಮೈಯಲ್ಲಿ ಅದರದ್ದು ಒಂದು ಎಳೆಯೂ ಉಳಿದಿಲ್ಲ."

ಆಗ ಚಂದನಾ ಅತ್ತಳು. ಆ ಮೊದಲ ದಿನದಿಂದ ಅಲ್ಲಿಯವರೆಗೆ ಅಳದಿದ್ದವಳು ಮೇಜಿನ ಅಂಚು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಸಂತೋಷಕ್ಕೆ ಅಳುತ್ತಿದ್ದಾಳೆಂದು ನರ್ಸು ಬೆನ್ನು ಸವರಿದಳು. ಕ್ಷಮಾ ಮಾತ್ರ ನಗು ನಿಲ್ಲಿಸಿದರು. ಹೊರಗೆ ಕಾಯುತ್ತಿದ್ದ ಬಸುರಿಯೊಬ್ಬಳನ್ನು ಸ್ವಲ್ಪ ಹೊತ್ತು ಒಳಗೆ ಬಿಡಬೇಡ ಎಂದು ನರ್ಸಿಗೆ ಸನ್ನೆ ಮಾಡಿದರು.

ಗಂಗೊಳ್ಳಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೊಸೆಯನ್ನು ಕೂರಿಸಿ ಜಲಜ ಕೇಳಿದಳು. "ಎಂತ ಹೇಳ್ರ್ ಹೆಣೆ?"

"ಎಂತದೂ ಇಲ್ಲೆ ಅಂದ್ರ್ ಅತ್ತೆ."

ಜಲಜ ದೇವರಿಗೆ ಕೈ ಮುಗಿಯಲು ಹೋದವಳು ಸೊಸೆಯ ಮುಖ ನೋಡಿ ಕೈ ಕೆಳಗಿಳಿಸಿದಳು. ಬಸ್ಸು ತುಂಬತೊಡಗಿತು.

ಮುಂದಿನ ಸೋಮವಾರ ಚಂದನಾ ಗೇರುಬೀಜದ ಕಾರ್ಖಾನೆಗೆ ಮತ್ತೆ ಕೆಲಸಕ್ಕೆ ಹೋದಳು.