ನೋವಿಗೆ ಇಪ್ಪತ್ತೇಳು ಹೆಸರು

ಬೆಳಗಿನ ಆರು ಗಂಟೆ. ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ದಾರಿಯ ಆಸ್ಪತ್ರೆಯೊಂದರಲ್ಲಿ ಹೆಂಗಸರ ವಾರ್ಡಿನ ದೀಪ ಇನ್ನೂ ಆರಿಸಿಲ್ಲ. ಕಾಪುವಿನಿಂದ ಮೊದಲ ಬಸ್ಸಿಗೆ ಬಂದ ಆಸ್ಯಾ ಒಂಬತ್ತನೇ ಮಂಚದ ಕಡೆ ಬಾಗುತ್ತಾರೆ. ಪಡುಬಿದ್ರಿಯಲ್ಲಿ ಬೀಡಿ ಕಟ್ಟುವ ಸುಗಂಧಿ ಅಲ್ಲಿ ಮೊಣಕಾಲು ಹೊಟ್ಟೆಗೆ ಎಳೆದುಕೊಂಡು ಮಲಗಿದ್ದಾರೆ.

“ಎಂತ ಆಗ್ತದೆ ತಂಗಿ?”

“ಬೇನೆ.”

“ಬೇನೆ ಅಂತ ನನಗೂ ಗೊತ್ತುಂಟು. ಮದುವೆಗೆ ಬಂದವರು ಈ ಮಂಚದಲ್ಲಿ ಮಲಗುವುದಿಲ್ಲ. ಅದು ಒಳಗೆ ಎಂತ ಮಾಡ್ತದೆ, ನನ್ನ ಕೈಗೆ ಮಾಡಿ ತೋರಿಸು.”

ಆಸ್ಯಾ ಕುಪ್ಪಾಯದ ತೋಳನ್ನು ಮೇಲೆ ಸರಿಸಿ ಮುಂಗೈ ಚಾಚುತ್ತಾರೆ. ಸುಗಂಧಿ ನಾಚಿ ಆಚೀಚೆ ನೋಡುತ್ತಾರೆ. ಆಮೇಲೆ ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಾರೆ. ಬಿಡುತ್ತಾರೆ. ಮತ್ತೆ ಹಿಂಡುತ್ತಾರೆ.

“ಸಾಕು ಮಾರಾಯ್ತಿ! ಈ ಕೈಯನ್ನು ಇನ್ನೂ ಎರಡು ವಾರ್ಡಿನವರು ಹಿಡಿಯಲಿಕ್ಕುಂಟು.”

ನೋವು ಎಲ್ಲಿಂದ ಎಲ್ಲಿಗೆ ಎಂದು ಸುಗಂಧಿ ಬೆರಳಿನಲ್ಲಿ ತೋರಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಪಾಟ್ನಾದ ಎಳೆಯ ಡಾಕ್ಟರು ಬರುತ್ತಾರೆ. ಆಸ್ಯಾರ ಬಾಯಲ್ಲಿ ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ಹಿಂಡಿ ಬಿಡುವ ನೋವು, ಕಾಲಿಕ್, ಬೆನ್ನಿನಿಂದ ಶುರುವಾಗಿ ಮುಂದಕ್ಕೆ ಇಳಿಯುತ್ತದೆ, ಬರ್ನಿಂಗ್ ಇಲ್ಲ. ಡಾಕ್ಟರು ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ಮೂತ್ರಪಿಂಡದ ಕಡೆ ಕಲ್ಲು ಇರಬಹುದೆಂದು ಎಕ್ಸ್‌ರೇಗೆ ಕಳುಹಿಸುತ್ತಾರೆ.

ಆಸ್ಯಾರಿಗೆ ಈಗ ನಲವತ್ತನಾಲ್ಕು. ಶಾಲೆ ಕಂಡದ್ದು ನಾಲ್ಕನೇ ಕ್ಲಾಸಿನವರೆಗೆ. ಮನೆಯಲ್ಲಿ ಬ್ಯಾರಿ, ಅಂಗಳ ದಾಟಿದರೆ ತುಳು, ಬಾವಿಯ ಆಚೆಯ ಮನೆಯಲ್ಲಿ ಕೊಂಕಣಿ. ಮೂರೂ ಭಾಷೆ ಕೇಳುತ್ತಲೇ ದೊಡ್ಡವರಾದರು. ಎಪ್ಪತ್ತೆರಡರಲ್ಲಿ ನೆಲ ಒರೆಸುವ ಕೆಲಸಕ್ಕೆಂದು ಇಲ್ಲಿಗೆ ಸೇರಿದರು. ಕಾರ್ಕಳ, ಬೆಳ್ಮಣ್, ಕಾಪು ಕಡೆಯ ರೋಗಿಗಳು ಒಂದು ಕಡೆ, ದೂರದ ಊರುಗಳಿಂದ ಬಂದ ಡಾಕ್ಟರು ಇನ್ನೊಂದು ಕಡೆ. ನಡುವೆ ಇದ್ದದ್ದು ಒಂದೇ ಇಂಗ್ಲಿಷ್ ಶಬ್ದ, ಪೇನ್.

“ನಮ್ಮ ಭಾಷೆಯಲ್ಲಿ ಪೇನ್ ಅಂದರೆ ತಲೆಯ ಹೇನು, ಅಲ್ವಾ? ‘ಪೇನ್ ಉಂಟಾ’ ಅಂತ ಕೇಳಿದರೆ ನಮ್ಮ ಹೆಂಗಸರಿಗೆ ಸಿಟ್ಟೇ ಬರ್ತಿತ್ತು” ಎಂದು ಆಸ್ಯಾ ನಗುತ್ತಾರೆ. “ಅದು ನಗೆಯ ಮಾತಾಯ್ತು. ದೊಡ್ಡ ಕಷ್ಟ ಬೇರೆ. ನಮ್ಮ ಕಡೆ ಮರ್ಯಾದೆಯವರು ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ತುಂಬಾ ಇದ್ದಾಗಲೇ ‘ಸ್ವಲ್ಪ ಉಂಟು’ ಅಂತಾರೆ. ಡಾಕ್ಟರು ಸ್ವಲ್ಪ ಅಂತಲೇ ಬರೀತಾರೆ.”

ಇದು ಅವರಿಗೆ ಗೊತ್ತಾದದ್ದು ಮನೆಯಲ್ಲಿ. ಅವರ ತಾಯಿ ಕುಂಞಿಪಾತುಮ್ಮ ಮೂರು ದಿನ ಊರಿನ ಡಾಕ್ಟರಿಗೆ “ಸ್ವಲ್ಪ ಉಂಟು” ಎಂದರು. ನಾಲ್ಕನೆಯ ದಿನ ಇರಲಿಲ್ಲ. “ಉಮ್ಮ ರಾತ್ರಿಯೆಲ್ಲ ನನ್ನ ಕೈ ಹಿಡಿದುಕೊಂಡಿದ್ದರು. ಬಾಯಲ್ಲಿ ಹೇಳದ್ದನ್ನು ಕೈಯಲ್ಲಿ ಹೇಳ್ತಿದ್ದರು. ನನಗೆ ಆಗ ತಿಳಿಯಲಿಲ್ಲ.” ಆಸ್ಯಾ ಈ ಬಗ್ಗೆ ಇಷ್ಟೇ ಹೇಳುತ್ತಾರೆ.

ಆಸ್ಪತ್ರೆಗೆ ಸೇರಿದ ಮೇಲೆ ಆಸ್ಯಾ ರೋಗಿಗಳ ಮುಂದೆ ಕೈ ಚಾಚಲು ಶುರುಮಾಡಿದರು. ಅವರ ಕೈ ಹೇಳಿದ್ದಕ್ಕೆ ಇಂಗ್ಲಿಷ್ ಶಬ್ದ ಕೊಟ್ಟವರು ಹಿರಿಯ ನರ್ಸ್ ಸಿಸ್ಟರ್ ಕ್ಲಾರಾ. ಜ್ವರ ಬರೆಯುವ ಹಳೆಯ ಹಾಳೆಗಳ ಹಿಂದೆ ಒಂದೊಂದನ್ನೇ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟರು. ಈಗ ಇಪ್ಪತ್ತೇಳು ಆಗಿವೆ. ಅರ್ಥಗಳನ್ನು ಆಸ್ಯಾ ತಮ್ಮ ಅನುಭವದಲ್ಲೇ ಇಟ್ಟುಕೊಂಡಿದ್ದಾರೆ. ಸುಮ್ಮನೆ ಮೂಲೆ ಹಿಡಿದು ಕೂತಿರುವ ನೋವು ಏಕ್, ಹೆಡೇಕಿನಲ್ಲಿರುವ ಏಕ್. ಕುರು ಹಣ್ಣಾಗುವಾಗ ನಾಡಿಯ ಜೊತೆ ಬಡಿಯುವುದು ಥ್ರಾಬಿಂಗ್. ಮೀನಿನ ಮುಳ್ಳು ಸೋಕಿದ ಹಾಗಿದ್ದರೆ ಪ್ರಿಕಿಂಗ್, ಅದೇ ಮುಳ್ಳು ಒಳಗೆ ಇಳಿದು ನಿಂತರೆ ಸ್ಟ್ಯಾಬಿಂಗ್. ಗೇರುಬೀಜದ ಸೊನೆ ತಾಗಿದ ಹಾಗಿದ್ದರೆ ಬರ್ನಿಂಗ್.

“ಇಂಗ್ಲಿಷಿನವರೂ ಪಾಪ, ನಮ್ಮ ಹಾಗೇ ನೋವು ತಿಂದವರು. ಇಲ್ಲದಿದ್ದರೆ ಇಷ್ಟು ಶಬ್ದ ಎಲ್ಲಿಂದ ಬಂತು?”

ಮೂರು ವಾರ್ಡು, ಅರವತ್ತೆರಡು ಮಂಚ. ದಿನಕ್ಕೆ ಮೂವತ್ತು ಮಂದಿಯಾದರೂ ಈ ಕೈಯನ್ನು ಹಿಂಡುತ್ತಾರೆ, ಚಿವುಟುತ್ತಾರೆ, ಒತ್ತುತ್ತಾರೆ. ಮುಂಗೈಯ ಒಳಭಾಗದಲ್ಲಿ ಉಗುರಿನ ಗುರುತು ಮಾಸುವುದೇ ಇಲ್ಲ.

ಆದರೆ ಇದು ಅವರ ಕೆಲಸವೆಂದು ಯಾರೂ ಒಪ್ಪಿರಲಿಲ್ಲ. ಸಂಬಳ ಬರುತ್ತಿದ್ದದ್ದು ನೆಲಕ್ಕೆ. ಮೇಲ್ವಿಚಾರಕ ಡೊಮಿನಿಕ್ ವರಾಂಡದಲ್ಲಿ ಬಕೆಟ್ ಮಾತ್ರ ನಿಂತಿರುವುದನ್ನು ಕಂಡು ಎರಡು ಸಲ ದೂರು ಬರೆದಿದ್ದರು. ಮೂರನೆಯದು ಬರೆದರೆ ಮನೆಗೆ ಹೋಗಬೇಕು. ಆಸ್ಯಾರ ಗಂಡ ಬದ್ರುದ್ದೀನ್ ಸೈಕಲ್ಲಿನಲ್ಲಿ ಮೀನು ಮಾರುತ್ತಿದ್ದವರು, ಬಿದ್ದು ಸೊಂಟ ಮುರಿದ ಮೇಲೆ ಜಗಲಿ ಬಿಟ್ಟು ಇಳಿದಿಲ್ಲ. ಮನೆ ನಡೆಯುತ್ತಿದ್ದದ್ದು ಈ ಬಕೆಟ್ಟಿನಿಂದ.

ಹೀಗಿರುವಾಗ ಕಳೆದ ವರ್ಷ, ಎಂಬತ್ತಮೂರರ ನವೆಂಬರಿನಲ್ಲಿ, ಬೆಳ್ಮಣ್ಣಿನ ಮುದ್ದಣ್ಣ ಬಂದರು. ಊರಿನಲ್ಲಿ ಜಗಳ ತೀರಿಸುವ ಹಿರಿಯರು. ಕರೆತಂದವರು ಮಗಳ ಗಂಡ. ಡಾಕ್ಟರು ಕೇಳಿದ್ದನ್ನು ಅಳಿಯ ತುಳುವಿನಲ್ಲಿ ಕೇಳಿದ, ಮಾವ ಉತ್ತರ ಕೊಟ್ಟರು: “ಸ್ವಲ್ಪ ಉಂಟು. ಈಗ ಕಡಿಮೆ.” ಸ್ವಲ್ಪ ಹೊಟ್ಟೆನೋವು, ಬೆಳಿಗ್ಗೆ ಮನೆಗೆ ಹೋಗಬಹುದು ಎಂದು ಕಾಗದದಲ್ಲಿ ಬಿತ್ತು.

ಬೆಳಿಗ್ಗೆ ಮಂಚದ ಕೆಳಗೆ ಒರೆಸುತ್ತಿದ್ದ ಆಸ್ಯಾರಿಗೆ ಕಂಡದ್ದು ಮುದ್ದಣ್ಣನ ಕೈ. ಮಂಚದ ಕಬ್ಬಿಣವನ್ನು ಅದು ಬಿಡುತ್ತಿರಲಿಲ್ಲ. ಬೆರಳಿನ ಗೆಣ್ಣು ಬೆಳ್ಳಗಾಗಿತ್ತು.

“ಅಳಿಯನ ಎದುರು ಮಾವ ನರಳುವುದುಂಟಾ?” ಎನ್ನುತ್ತಾರೆ ಆಸ್ಯಾ. ಅವರು ಮೊದಲು ಮಾಡಿದ್ದು ಅಳಿಯನನ್ನು ಚಾ ತರಲು ಕಳುಹಿಸಿದ್ದು. ಆಮೇಲೆ ಕೈ ಚಾಚಿದರು.

“ನಿನಗೆ ಎಂತ ಬೇಕು? ನೆಲ ಒರೆಸು” ಎಂದರು ಮುದ್ದಣ್ಣ.

“ನೆಲ ಎಲ್ಲಿಗೂ ಓಡುವುದಿಲ್ಲ ಅಣ್ಣಾ. ಅಳಿಯ ಬರುವುದರೊಳಗೆ ಹೇಳಿ.”

ಮುದ್ದಣ್ಣ ಬಾಗಿಲ ಕಡೆ ನೋಡಿದರು. ನಿನ್ನೆಯದನ್ನು ತೋರಿಸಲು ಹೊಕ್ಕುಳ ಸುತ್ತ ಬೆರಳಾಡಿಸಿ ಆಸ್ಯಾರ ಕೈಯನ್ನು ಹಗ್ಗದ ಹಾಗೆ ತಿರುಚಿದರು. ಇವತ್ತಿನದಕ್ಕೆ ಹೊಟ್ಟೆಯ ಬಲಗಡೆ ಕೆಳಗೆ ಮುಟ್ಟಿ, ಆಸ್ಯಾರ ಕೈಯ ಒಂದೇ ಜಾಗದಲ್ಲಿ ಹೆಬ್ಬೆರಳ ಉಗುರು ಊರಿದರು. ತೆಗೆಯಲಿಲ್ಲ.

“ಆಸ್ಯಾ! ಬಕೆಟ್ ಎಲ್ಲಿ, ನೀನೆಲ್ಲಿ?” ಬಾಗಿಲಲ್ಲಿ ಡೊಮಿನಿಕ್ ನಿಂತಿದ್ದರು. “ಇದು ಮೂರನೆಯದು, ನೆನಪುಂಟಲ್ಲ?”

“ಬರೆಯಿರಿ ಡೊಮಿನಿಕಣ್ಣ. ಅಕ್ಷರ ಸರಿ ಬರಲಿ” ಎಂದು ಆಸ್ಯಾ ಅವರ ಪಕ್ಕದಿಂದಲೇ ಮೆಟ್ಟಿಲು ಹತ್ತಿದರು. ಹಿರಿಯ ಸರ್ಜನ್ ಡಾ. ಅಲೆಕ್ಸಾಂಡರ್ ಅವರ ಕೋಣೆಯ ಒಳಗೆ ಆವರೆಗೆ ಅವರು ಹೋದದ್ದು ಒರೆಸಲು ಮಾತ್ರ. ಅಂದು ನಿಂತು ಹೇಳಿದರು: ನಿನ್ನೆ ಹೊಕ್ಕುಳ ಸುತ್ತ ಟ್ವಿಸ್ಟಿಂಗ್, ಇವತ್ತು ಬಲಗಡೆ ಕೆಳಗೆ ಸ್ಟ್ಯಾಬಿಂಗ್, ಸ್ವಲ್ಪ ಅಂದದ್ದು ಅಳಿಯ ಇದ್ದನೆಂದು.

ಡಾಕ್ಟರು ಕುರ್ಚಿ ಬಿಟ್ಟು ಎದ್ದರು. ಒಂಬತ್ತು ಗಂಟೆಗೆ ಮುದ್ದಣ್ಣ ಆಪರೇಷನ್ ಮೇಜಿನ ಮೇಲಿದ್ದರು. “ಅಪೆಂಡಿಕ್ಸ್ ಒಡೆಯುವ ಹಾಗಾಗಿತ್ತು. ಅವರನ್ನು ಬಸ್ಸಿಗೆ ಹತ್ತಿಸಿದ್ದರೆ ಕಷ್ಟವಿತ್ತು” ಎಂದು ಡಾ. ಅಲೆಕ್ಸಾಂಡರ್ ನೆನಪಿಸಿಕೊಳ್ಳುತ್ತಾರೆ.

ಡೊಮಿನಿಕ್ ಬರೆದ ದೂರು ಅದೇ ಮಧ್ಯಾಹ್ನ ಡಾ. ಅಲೆಕ್ಸಾಂಡರ್ ಅವರ ಮೇಜಿಗೆ ಬಂತು. ಅದರ ಕೆಳಗೆ ಡಾಕ್ಟರು ಎರಡು ಸಾಲು ಬರೆದರು. ಸಂಜೆ ಅದನ್ನು ಆಸ್ಯಾರಿಗೆ ಓದಿ ಹೇಳಿದ್ದು ಡೊಮಿನಿಕ್ಕೇ.

“‘ಇವರನ್ನು ನೆಲ ಒರೆಸುವ ಕೆಲಸದಿಂದ ಬಿಡಿಸಿ’ ಅಂತ ಓದಿ ನಿಲ್ಲಿಸಿದರು ಮಾರಾಯರು, ಕನ್ನಡಕ ಒರೆಸಲಿಕ್ಕೆ! ನನ್ನ ಜೀವ ಹೋಯಿತು. ಆಮೇಲೆ ಓದ್ತಾರೆ, ‘ನಾಳೆಯಿಂದ ರೋಗಿಗಳ ಮಾತು ತಿಳಿಸುವ ಕೆಲಸಕ್ಕೆ ಹಾಕಿ, ಖಾಯಂ ಮಾಡಿ.’ ಹೋದ ಜೀವ ಬಂತು.”

ಈಗ ತಿಂಗಳ ಮೊದಲ ಶನಿವಾರ ಹೊಸ ಡಾಕ್ಟರುಗಳಿಗೆ ಆಸ್ಯಾರ ಪಾಠ. ಹದಿನೈದು ಮಂದಿ ಬಿಳಿ ಕೋಟಿನ ತೋಳು ಮಡಚಿ ಎರಡು ಸಾಲಾಗಿ ನಿಲ್ಲುತ್ತಾರೆ. ಒಬ್ಬರು ಇನ್ನೊಬ್ಬರ ಕೈಯನ್ನು ತಿರುಚಬೇಕು, ಚುಚ್ಚಬೇಕು, ಕೈ ಕೊಟ್ಟವರು ಅದಕ್ಕೆ ಶಬ್ದ ಹೇಳಬೇಕು. ಬರೇ “ಪೇನ್” ಎಂದವರಿಗೆ ಇನ್ನೊಂದು ಸಲ ಬೀಳುತ್ತದೆ. ಈ ಶನಿವಾರ ಲೂಧಿಯಾನದ ಡಾಕ್ಟರೊಬ್ಬರಿಗೆ ಜೊತೆ ಇರಲಿಲ್ಲ. ಆಸ್ಯಾ ಬಾಗಿಲ ಕಡೆ ತಿರುಗಿದರು.

“ಡೊಮಿನಿಕಣ್ಣ, ಬನ್ನಿ, ಕೈ ಕೊಡಿ. ಜೋರಾಗಿ ಚಿವುಟುವುದಿಲ್ಲ ಅವರು.”

ಡೊಮಿನಿಕ್ ಬಂದರು. ಚಿವುಟಿಸಿಕೊಂಡರು. “ದುಕ್ತಾ” ಎಂದು ಕೊಂಕಣಿಯಲ್ಲೇ ಕೂಗಿದರು. ಇಡೀ ಕೋಣೆ ನಕ್ಕಿತು, ಅವರೂ ನಕ್ಕರು. “ನೋವು ಅಂತ ಗೊತ್ತಾಯ್ತು, ಎಂಥದ್ದು ಹೇಳಿ” ಎಂದು ಆಸ್ಯಾ ಬಿಡಲಿಲ್ಲ.

ಮುಂದಿನ ತಿಂಗಳು ಹೊಸ ಕಟ್ಟಡದಲ್ಲಿ ನಲವತ್ತು ಮಂಚ ಹೆಚ್ಚಾಗುತ್ತವೆ. ನಿಮಗೇನು ಬೇಕೆಂದು ಆಫೀಸಿನವರು ಕೇಳಿದ್ದಾರೆ. ಆಸ್ಯಾ ಇನ್ನೂ ಉತ್ತರ ಕೊಟ್ಟಿಲ್ಲ, ಆದರೆ ಮನಸ್ಸಿನಲ್ಲಿ ಇದೆ.

“ಹನ್ನೊಂದು ವರ್ಷ ಈ ಕೆಲಸವನ್ನು ಕದ್ದು, ನಿಂತೇ ಮಾಡಿದೆ. ಇನ್ನು ಎಲ್ಲರ ಎದುರು ಕೂತು ಮಾಡಬೇಕು ಅಂತ ಆಸೆ ಉಂಟು. ಒಂದು ಸ್ಟೂಲು ಕೊಟ್ಟರೆ ಸಾಕು.”