ಬ್ಯಾಡಗಿಯ ಬೋರ್ಡಿಗೆ ಎರಡನೇ ಸಿಮ್

ಹುಬ್ಬಳ್ಳಿಯಿಂದ ಬೆಳಗಿನ ಆರರ ಬಸ್ಸಿಗೆ ಹೊರಟೆ. ಹಾವೇರಿಗೆ ಎಪ್ಪತ್ತು ಚಿಲ್ಲರೆ ಕಿಲೋಮೀಟರ್. ಎಲ್‌ಇಡಿ ಬೋರ್ಡಿನ ಬಿಡಿಭಾಗ ಒಯ್ಯುವವರು ಹಿಂದಿನ ಸೀಟಿನಲ್ಲಿ ಕೂರಬೇಡಿ, ಕುಲುಕಾಟಕ್ಕೆ ಬೆಸುಗೆ ಬಿಡುತ್ತದೆ. ನಾನಿದನ್ನು ಎರಡು ಬೋರ್ಡು ಹಾಳುಮಾಡಿಕೊಂಡು ಕಲಿತೆ.

ಕೆಲಸ ಕೊಟ್ಟವರು ಹಾವೇರಿಯ ಒಬ್ಬ ಸಾಹುಕಾರರು. ರಾಣೆಬೆನ್ನೂರಿನಲ್ಲಿ ಅವರದೊಂದು ಬೀಜದ ಅಂಗಡಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್. ಎರಡೂ ಕಡೆ ಅಕ್ಷರ ಓಡುವ ಬೋರ್ಡು ಹಾಕಿದವನು ನಾನೇ. ಈಗ ಅವೆರಡಕ್ಕೂ ಹಾವೇರಿಯ ಆಫೀಸಿನಿಂದಲೇ ಬರೆಯುವಂತೆ ಜೋಡಿಸಬೇಕಿತ್ತು. ಸಾಹುಕಾರರು ಚಹಾ ತರಿಸಿ ಒಂದು ಅನುಮಾನ ಎತ್ತಿದರು.

“ನೆಟ್ ಹೋದ್ರ ಏನ್ಮಾಡೋದು? ಬ್ಯಾಡಗ್ಯಾಗ ದಸ್ತಗೀರ ಕೈಲೆ ಟೈಪ್ ಮಾಡ್ತಾನ. ಅವನ್ನ ಅಲ್ಲೇ ಬಿಟ್ರ ಛಲೋ ಅಲ್ಲೇನು?”

ಗಿರಾಕಿಯನ್ನು ಅನುಮಾನದಲ್ಲಿ ಬಿಟ್ಟು ಏಳುವವನು ನಾನಲ್ಲ. ಎರಡು ಸಿಮ್ ಹಾಕುವ ಪೆಟ್ಟಿಗೆ ಚೀಲದಲ್ಲೇ ಇತ್ತು. ಒಂದು ಸಿಮ್ ಸತ್ತರೆ ಇನ್ನೊಂದು ಹಿಡಿಯುತ್ತದೆ, ಅಲ್ಲಿ ಯಾರೂ ಕೂರಬೇಕಾಗಿಲ್ಲ ಎಂದೆ. ಹತ್ತು ನಿಮಿಷ ಚೌಕಾಸಿ ನಡೆದು, ಕೊನೆಗೆ ನಾನು ಹೇಳಿದ ದರಕ್ಕೇ ಬಂದರು.

ರಾಣೆಬೆನ್ನೂರಿಗೆ ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ. ಅಲ್ಲಿಯ ಬೋರ್ಡಿನ ಅರ್ಧ ಸಾಲು ಕತ್ತಲಾಗಿತ್ತು. ಧೂಳು ಹೊಡೆದು, ಸಡಿಲವಾದ ಕೇಬಲ್ ಬದಲಿಸಿದೆ, ಹೊತ್ತಿಕೊಂಡಿತು. ಬೋರ್ಡು ಕೆಟ್ಟಾಗ ಮೊದಲು ಕರೆಂಟು ನೋಡಿ, ಆಮೇಲೆ ಕೇಬಲ್. ನೋಡದೆಯೇ ಹೊಸದು ಕೊಳ್ಳಿ ಎನ್ನುವವನನ್ನು ಹೊರಗೆ ಕಳಿಸಿ. ಜೋಡಣೆ ಮುಗಿಸಿ ಖಾನಾವಳಿಯಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ ತಿಂದೆ. ಬಿಸಿಲು ರಣರಣ ಎನ್ನುತ್ತಿತ್ತು.

ಹೆದ್ದಾರಿ ಬಿಟ್ಟು ಬ್ಯಾಡಗಿ ಹತ್ತಿರವಾಗುತ್ತಲೇ ಬಸ್ಸಿನಲ್ಲಿದ್ದವರ ಸೆರಗು, ಟವೆಲ್ಲು ಮೂಗಿಗೆ ಏರಿದವು. ಊರ ತುಂಬ ಮೆಣಸಿನಕಾಯಿಯ ಘಾಟು. ದಸ್ತಗೀರ ಗೇಟಿನ ಪಕ್ಕದ ಗಾಜಿನ ಕೋಣೆಯಲ್ಲಿದ್ದ. ಯಾರ ಲಾರಿಯ ಪಾಳಿ, ಯಾರ ಚೀಲ ಹೊರಬಂದಿವೆ ಎಂದು ಬೋರ್ಡಿಗೆ ಟೈಪ್ ಮಾಡುವುದು ಅವನ ಕೆಲಸ. ಹದಿನೆಂಟು ವರ್ಷ ಹಮಾಲಿ ಮಾಡಿ, ಧೂಳಿಗೆ ಎದೆ ಕೆಟ್ಟ ಮೇಲೆ ಈ ಕೋಣೆಗೆ ಬಂದವನು. ಟೈಪಿಂಗ್ ಕಲಿಸಿದ್ದು ನಾನೇ.

ಪೆಟ್ಟಿಗೆ ಬಿಚ್ಚುವುದನ್ನೇ ನೋಡುತ್ತಿದ್ದವನು ಎರಡು ಸಿಮ್ ಯಾಕೆಂದು ಕೇಳಿದ. ಹೇಳಿದೆ. ಎದ್ದು ಬಾಗಿಲು ಮುಚ್ಚಿ ಬಂದ.

“ಹಾವೇರಿಯಿಂದ ಬೋರ್ಡ್ ಓಡಿದ್ರ ನನ್ನ ಮತ್ತ ಮೆಣಸಿನಕಾಯಿ ಶೆಡ್ಡಿಗೆ ಹಾಕ್ತಾರಂತ್ರಿ. ಡಾಕ್ಟರು ಧೂಳಿನ್ಯಾಗ ನಿಲ್ಲಬ್ಯಾಡ ಅಂದಾರ. ಎರಡನೇದು ಹತ್ತಲಿಲ್ಲ ಅನ್ರಿ ಸಾಹೇಬ್ರ. ನಿಮ್ಮ ಮಾತು ಸಾಹುಕಾರ್ರು ನಂಬ್ತಾರ.”

“ನಾ ಸುಳ್ಳ ಹೇಳಿದ್ರ ನಾಳೆ ಬ್ಯಾರೆದವನ್ನ ಕರಸ್ತಾರೋ ದಸ್ತಗೀರ.”

“ನಾಳೆ ಬರ್ಲಿ ಬಿಡ್ರಿ. ಇವತ್ತ ಬಂದಾವ್ರು ನೀವದೀರಲ್ಲ.”

ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಪೆಟ್ಟಿಗೆಯ ಸ್ಕ್ರೂ ಬಿಗಿದೆ. ಅಷ್ಟರಲ್ಲಿ ಸ್ಟೋರೇಜಿನ ಮ್ಯಾನೇಜರ್ ಬಂದು, ಮೊದಲನೇ ಸಿಮ್ ಕಿತ್ತು ತೋರಿಸಿ ಎಂದರು. ಕಿತ್ತೆ. ಬೋರ್ಡಿನಲ್ಲಿ ಓಡುತ್ತಿದ್ದ ಅಕ್ಷರ ನಿಂತವು. ನನ್ನ ಮಾಲು ಸೋಲಲಿ ಎಂದು ನಾನು ಬಯಸಿದ್ದು ಅದೊಂದೇ ಸಲ. ಇಪ್ಪತ್ತು ಎಣಿಸುವುದರೊಳಗೆ ಹಾವೇರಿಯಿಂದ ಕಳಿಸಿದ ಲಾರಿ ನಂಬರು ಕೆಂಪಗೆ ಓಡತೊಡಗಿತು. ನನ್ನ ಮಾಲು ಸೋಲುವಂಥದ್ದಲ್ಲ.

ಮ್ಯಾನೇಜರ್ ಕೀಬೋರ್ಡ್ ಕಳಚಲು ಹೇಳಿ, ಕೋಣೆಗೆ ಬೀಗ ಹಾಕಿಸಿದರು. ದಸ್ತಗೀರ ಟವೆಲ್ಲಿನಿಂದ ಮೂಗು ಬಾಯಿ ಬಿಗಿದುಕೊಂಡು ಶೆಡ್ಡಿನೊಳಗೆ ಹೋದ.

ನಾನು ಚೀಲ ಹೆಗಲಿಗೇರಿಸಿ ಗೇಟಿಗೆ ಬರುವಾಗ, ತನ್ನ ಚೀಲ ಒಯ್ಯಲು ಬಂದಿದ್ದ ಹೆಣ್ಣುಮಗಳೊಬ್ಬಳು ಗಾಜು ಬಡಿಯುತ್ತಿದ್ದಳು. ಬೋರ್ಡು ನೋಡವ್ವಾ ಎಂದೆ.

“ನನಗ ಓದಾಕ ಬರಂಗಿಲ್ಲೋ ಯಪ್ಪಾ. ದಸ್ತಗೀರಣ್ಣ ಹೆಸರ ಹಿಡದು ಕೂಗತಿದ್ದ. ಎಲ್ಲಿ ಹೋಗ್ಯಾನ?”

ಶೆಡ್ಡಿನೊಳಗಿಂದ ಕೆಮ್ಮು ಕೇಳಿಸುತ್ತಿತ್ತು. ಅತ್ತ ಕೈ ತೋರಿಸಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದೆ.