ತೂಕ ನಿಂತ ಮೇಲೆ

ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವರು ನಮ್ಮ ಪಕ್ಕದ ಮನೆಯ ಟೀಚರ್. ಮೊದಲು ಸರಸರನೆ ಇಳಿದ ತೂಕ ಆಮೇಲೆ ನಿಂತುಬಿಟ್ಟಿತು. "ಏರಲಿಲ್ಲ ಅಲ್ವಾ ಅಕ್ಕ, ಅದೇ ದೊಡ್ಡದು" ಎನ್ನುತ್ತಾ ಅವರು ದಿನವೂ ನಡೆಯಲು ಹೊರಡುತ್ತಿದ್ದರು.

ಪುಂಜಾಲಕಟ್ಟೆಯಲ್ಲಿ ಅವರ ನೆಂಟರ ಮನೆಯ ಸೀಮಂತದ ಊಟಕ್ಕೆ ನನ್ನನ್ನೂ ಕರೆದೊಯ್ದಿದ್ದರು. ಅಲ್ಲಿ ಅವರ ಅತ್ತಿಗೆ, "ಹೊಟ್ಟೆ ಕೊಯ್ಸಿಯೂ ಹೀಗೇ ಉಂಟಲ್ಲ ಮಾರಾಯ್ತಿ! ಕದ್ದು ತಿನ್ತೀಯಾ?" ಎಂದು ಪಂಕ್ತಿಯನ್ನೇ ನಗಿಸಿದರು. ಅದೇ ಬಾಯಲ್ಲಿ, "ಹೋಳಿಗೆ ಹಾಕಿಸಿಕೊ, ಬೇಡ ಅನ್ನಬಾರದು" ಎಂದರು. ಟೀಚರ್ ಎಲೆಗೆ ಕೈ ಅಡ್ಡ ಹಿಡಿದರೆ, ಬಿಸಿ ಹೋಳಿಗೆ ಕೈಮೇಲೆಯೇ ಬಿತ್ತು. ಎಂಥ ಉಪಚಾರ ಇದು! ನನಗೆ ಮೈಯೆಲ್ಲ ಉರಿಯಿತು.

ಸಂಜೆ ಬಸದಿಗೆ ಹೋದೆವು. ಮೊದಲೆಲ್ಲ ನಮಸ್ಕಾರಕ್ಕೆ ಬಗ್ಗಿದ ಟೀಚರನ್ನು ಎಬ್ಬಿಸಲು ಇಬ್ಬರು ಬೇಕಿತ್ತು. ಅಂದು ತಾವೇ ಎದ್ದು, ಕೆಂಪಾದ ಅದೇ ಕೈಯನ್ನು, ನಮಸ್ಕರಿಸಿ ಏಳಲಾಗದೆ ಕೂತಿದ್ದ ನನ್ನತ್ತ ಚಾಚಿದರು: "ಮಂಡಿ ನೋವಾ? ಹಿಡ್ಕೊಂಡು ಏಳಿ ಅಕ್ಕ."

ಆ ಅತ್ತಿಗೆ ಅಲ್ಲಿರಬೇಕಿತ್ತು, ದೇವರೇ!